ನವಜಾತ ಕರುಗಳಲ್ಲಿ ಗಳಗಂಡ: ಒಂದು ನಿದಾನ ವಿಚಾರ

ಕನ್ನಡದಲ್ಲಿ ‘ನಿಧಾನ’ ಎಂಬುದೊಂದು ಮಾತು, ‘ನಿದಾನ’ ಎಂಬುದು ಇನ್ನೊಂದು. ಮೊದಲನೆಯದರ ಧಕಾರ ಮಹಾಪ್ರಾಣ. ಎರಡನೆಯದರ ದಕಾರ ಅಲ್ಪಪ್ರಾಣ. ಮೊದಲನೆಯದು ಲೋಕವ್ಯವಹಾರದಲ್ಲಿ ಸಾವಕಾಶವೆಂಬ ಅರ್ಥವನ್ನು ಪಡೆದಿದೆ. ಎರಡನೆಯದು ವೈದ್ಯಶಾಸ್ತ್ರದಲ್ಲಿ ರೋಗದ ಮೂಲಕಾರಣವನ್ನೂ ಅದನ್ನು ಗುರುತಿಸುವ ಕ್ರಮವನ್ನೂ ಸೂಚಿಸುತ್ತದೆ. ವಿದ್ಯಾರ್ಥಿಗಳು ಇವೆರಡನ್ನೂ ಬೆರಸಿ ಬರೆದಾಗ ಕೆಂಪು ಶಾಯಿಯಿಂದ ತಿದ್ದುವುದು ನನ್ನಂತಹ ಪಂಡಿತರ ನಿತ್ಯದ ಕಸುಬು. ಆದರೆ ದನದ ಕೊಟ್ಟಿಗೆಯಲ್ಲಿ ಈ ಎರಡು ಮಾತುಗಳೂ ಜೊತೆಜೊತೆಯಾಗಿಯೇ ಇರತಕ್ಕವು. ನಿದಾನವನ್ನು ನಿಧಾನವಾಗಿ ಮಾಡಬೇಕು. ಅವಸರದಲ್ಲಿ ಮಾಡಿದ ನಿದಾನ ನಿದಾನವೇ ಅಲ್ಲ. ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನಮ್ಮ ಮನೆಯ ಒಂದು ಹಸುವಿನಿಂದ ಕಲಿತೆ.

ನನ್ನ ಬಾಲ್ಯ ಕಳೆದುದು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಅಂಚಿನ ಒಂದು ಹಳ್ಳಿಯಲ್ಲಿ. ಆಗ ನಮ್ಮ ಕೊಟ್ಟಿಗೆಯಲ್ಲಿ ಗೌರಿಯೆಂಬ ಹಸುವೊಂದಿತ್ತು. ಒಂದು ವರ್ಷ ಅದು ದಿನ ತುಂಬಿ, ತುಂಬಿದ ಮೇಲೂ ಕೆಲವು ದಿನ ಕಳೆದು, ಒಂದು ಹೆಣ್ಣುಕರುವನ್ನು ಈದಿತು. ಕರುವಿನ ಮೈಮೇಲೆ ಕೂದಲೇ ಇಲ್ಲವೆನ್ನುವಷ್ಟು ವಿರಳ. ಗಂಟಲಿನ ಕೆಳಗೆ ಎರಡು ಕಡೆಯೂ ನಿಂಬೆಯ ಗಾತ್ರದ ಗಂಟು. ಅದು ಎದ್ದು ನಿಲ್ಲಲಿಲ್ಲ. ಗಿಣ್ಣುಹಾಲನ್ನು ಬಾಯಿಗೆ ಹಿಂಡಿದರೂ ಚೀಪಲಿಲ್ಲ. ಮರುದಿನ ಬೆಳಗಾಗುವುದರೊಳಗೆ ತಣ್ಣಗಾಯಿತು. ಅಜ್ಜಿ ದೃಷ್ಟಿಯಾಯಿತೆಂದರು. ನೆರೆಯವರು ಗಬ್ಬದ ಹಸು ಗ್ರಹಣದ ನೆರಳಿನಲ್ಲಿ ನಿಂತ ಫಲವೆಂದರು. ಕರುವನ್ನು ತಿಪ್ಪೆಯ ಮಗ್ಗುಲಲ್ಲಿ ಹೂಳಿದರು. ಮರುವರ್ಷವೂ ಹೀಗೆಯೇ ಆಯಿತು. ಮೂರನೆಯ ವರ್ಷಕ್ಕೆ ಕಾಯದೆ, ‘ಕರು ತಿನ್ನುವ ಹಸು’ ಎಂಬ ಹೆಸರು ಹೊತ್ತ ಗೌರಿಯನ್ನು ತಂದೆಯವರು ದಲ್ಲಾಳಿಗೆ ಕೊಟ್ಟರು. ಅದು ಬಯಲುಸೀಮೆಯ ಒಂದು ಮನೆ ಸೇರಿ, ಅಲ್ಲಿ ದುಂಡಾದ ಕರುವನ್ನು ಈದು ಚೆನ್ನಾಗಿದೆಯೆಂದು ಆ ದಲ್ಲಾಳಿಯೇ ಎರಡು ವರ್ಷದ ಮೇಲೆ ಹೇಳಿದಾಗ ನಮ್ಮ ಮನೆಯವರಾರೂ ಮಾತನಾಡಲಿಲ್ಲ.

ಬಹುಕಾಲದ ಮೇಲೆ ಪಶುವೈದ್ಯ ಮಿತ್ರರೊಬ್ಬರೊಡನೆ ಈ ಸಂಗತಿಯನ್ನು ಪ್ರಸ್ತಾಪಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ, “ಆ ಗಂಟನ್ನು ಯಾರಾದರೂ ಬಿಡಿಸಿ ತೂಗಿದರೆ?” ಎಂಬುದು. ತೂಗುವುದಿರಲಿ, ಮುಟ್ಟಿ ನೋಡಿದವರೂ ಇಲ್ಲ. ಆದ್ದರಿಂದ ನಮ್ಮ ಗೌರಿಯ ಕರುಗಳಿಗೆ ಬಂದುದು ಇಂತಹುದೇ ರೋಗವೆಂದು ಇಂದು ನಾನು ಸಾಧಿಸಿ ಹೇಳಲಾರೆ. ಆ ಪ್ರಶ್ನೆಯ ಎಳೆಯನ್ನು ಹಿಡಿದು ಅವರಿಂದ ಕೇಳಿ ತಿಳಿದುದನ್ನೂ ಗ್ರಂಥಗಳಿಂದ ಓದಿ ತಿಳಿದುದನ್ನೂ ಇಲ್ಲಿ ಕ್ರಮವಾಗಿ ನಿವೇದಿಸುತ್ತೇನೆ. ನಾನು ವೈದ್ಯನಲ್ಲ. ಆದರೆ ನಮ್ಮ ಶಾಲೆಯ ಮಕ್ಕಳಲ್ಲಿ ಬಹುಮಂದಿ ಕೊಟ್ಟಿಗೆಯುಳ್ಳ ಮನೆಗಳಿಂದ ಬಂದವರಾದುದರಿಂದ ಈ ಬರೆಹ ನಿರುಪಯೋಗಿಯಾಗಲಾರದೆಂದು ನಂಬಿದ್ದೇನೆ.

ಗ್ರಂಥಿಯ ಸ್ವರೂಪ

ಗಳವೆಂದರೆ ಕೊರಳು, ಗಂಡವೆಂದರೆ ಉಬ್ಬು. ಗಳಗಂಡವೆಂಬ ಹೆಸರು ನಮ್ಮ ದೇಶಕ್ಕೆ ಹೊಸತಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಇದರ ವಿವೇಚನೆಯಿದೆ. ಹಳೆಯ ಕಾಲದವರು ಕಂಡುದು ಹೊರಗಿನ ಉಬ್ಬನ್ನು. ಉಬ್ಬುವ ವಸ್ತು ಯಾವುದು, ಏಕೆ ಉಬ್ಬುತ್ತದೆ ಎಂಬುದು ಸ್ಪಷ್ಟವಾಗಲು ಬಹಳ ಕಾಲ ಹಿಡಿಯಿತು. ಶ್ವಾಸನಾಳದ ಮೇಲ್ತುದಿಯಲ್ಲಿ, ಧ್ವನಿಪೆಟ್ಟಿಗೆಯ ಹಿಂಬದಿಗೆ, ಎಡಬಲಗಳಲ್ಲಿ ಅಂಟಿಕೊಂಡಿರುವ ಎರಡು ಹಾಲೆಗಳೂ ಅವನ್ನು ಕೂಡಿಸುವ ಒಂದು ಕಿರುಪಟ್ಟಿಯೂ ಸೇರಿ ಒಂದು ಗ್ರಂಥಿಯಾಗಿದೆ. 1656ರಲ್ಲಿ ಇಂಗ್ಲೆಂಡಿನ ಥಾಮಸ್ ವಾರ್ಟನ್ ಎಂಬ ವೈದ್ಯನು ಇದಕ್ಕೆ ‘ಥೈರಾಯ್ಡ್’ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಗುರಾಣಿಗಿರುವ ಶಬ್ದದಿಂದ ಅದು ಬಂದಿದೆ.

1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ಟ್ವಾ ಎಂಬಾತನು ಕಡಲ ಪಾಚಿಯ ಬೂದಿಯಿಂದ ಅಯೋಡಿನ್ ಎಂಬ ಮೂಲವಸ್ತುವನ್ನು ಕಂಡುಹಿಡಿದನು. ಅದೇ ಶತಮಾನದ ಕೊನೆಯ ದಶಕದಲ್ಲಿ ಜರ್ಮನಿಯ ಬೌಮಾನ್ ಎಂಬ ವಿಜ್ಞಾನಿ ಥೈರಾಯ್ಡ್ ಗ್ರಂಥಿಯಲ್ಲಿ ಅಯೋಡಿನ್ ಇದೆಯೆಂದು ತೋರಿಸಿದನು. 1914ರ ಡಿಸೆಂಬರ್ 25ರಂದು ಅಮೆರಿಕದ ಕೆಂಡಾಲ್ ಅದರ ರಸವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದನು. ಅದೇ ಥೈರಾಕ್ಸಿನ್. ಅದರ ಒಂದೊಂದು ಅಣುವಿನಲ್ಲಿಯೂ ಅಯೋಡಿನ್ನಿನ 4 ಪರಮಾಣುಗಳಿವೆ. ತೂಕದಲ್ಲಿ ಅದರ ಸುಮಾರು ಮೂರನೆಯ ಎರಡು ಪಾಲು ಅಯೋಡಿನ್ನೇ ಆಗಿದೆ. ದೇಹದಲ್ಲಿ ಈ ರಸದಿಂದ ಒಂದು ಪರಮಾಣು ಕಳಚಿದಾಗ, 3 ಪರಮಾಣುಗಳುಳ್ಳ ಇನ್ನೂ ತೀಕ್ಷ್ಣವಾದ ರಸವುಂಟಾಗುತ್ತದೆ. ದೇಹದ ಬಿಸಿ, ಬೆಳವಣಿಗೆ, ಕೂದಲು, ಮಿದುಳು, ಹುಟ್ಟುವ ಮೊದಲು ಶ್ವಾಸಕೋಶದ ಪಕ್ವತೆ, ಇವೆಲ್ಲವೂ ಈ ರಸಗಳನ್ನು ಅವಲಂಬಿಸಿವೆ.

ಅಯೋಡಿನ್ ಸಾಲದಿದ್ದರೆ ಗ್ರಂಥಿ ಸೊರಗುವುದರ ಬದಲು ಊದಿಕೊಳ್ಳುವುದೇಕೆ? ಒಂದು ದೃಷ್ಟಾಂತದಿಂದ ಇದು ತಿಳಿದೀತು. ಬಟ್ಟೆ ಬೇಕು ಬೇಕೆಂದು ಸಾಹುಕಾರನು ದಿನವೂ ಆಳನ್ನು ಅಟ್ಟುತ್ತಾನೆ. ನೇಕಾರನ ಮನೆಯಲ್ಲಿ ನೂಲಿಲ್ಲ. ಅವನು ಸಾಹುಕಾರನ ಒತ್ತಾಯಕ್ಕೆ ಹೆದರಿ ಮಗ್ಗದ ಮೇಲೆ ಮಗ್ಗ ಹೂಡುತ್ತಾನೆ. ಮನೆಯೆಲ್ಲ ಮಗ್ಗಗಳಾಗುತ್ತವೆಯೇ ಹೊರತು ಗೇಣು ಬಟ್ಟೆಯೂ ಹೊರಬೀಳುವುದಿಲ್ಲ. ಇಲ್ಲಿ ಸಾಹುಕಾರನೆಂದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ಅವನ ಆಳೆಂದರೆ ಅದು ಕಳುಹುವ ಪ್ರಚೋದಕ ರಸ, ನೂಲೆಂದರೆ ಅಯೋಡಿನ್, ಮಗ್ಗಗಳೆಂದರೆ ಥೈರಾಯ್ಡಿನ ಜೀವಕೋಶಗಳು. ಆದುದರಿಂದ ಕೊರಳಿನ ಉಬ್ಬು ಸಮೃದ್ಧಿಯ ಗುರುತಲ್ಲ, ಬರಗಾಲದ ಗುರುತು.

ತಾಯಿಯಲ್ಲಿ ಕಾಣದುದು ಕರುವಿನಲ್ಲಿ ಕಾಣುವುದು

ಈ ರೋಗದ ನಿದಾನದಲ್ಲಿ ಮೊದಲು ಗ್ರಹಿಸಬೇಕಾದ ತತ್ತ್ವವೊಂದಿದೆ. ಹಸುವಿನ ಗರ್ಭಕೋಶದ ಮಾಸಿನ ಮೂಲಕ ತಾಯಿಯ ಥೈರಾಕ್ಸಿನ್ ಭ್ರೂಣಕ್ಕೆ ಹೋಗುವುದು ಅತ್ಯಲ್ಪ; ಅಯೋಡಿನ್ ಮಾತ್ರ ಸರಾಗವಾಗಿ ಹೋಗುತ್ತದೆ. ಗರ್ಭಸ್ಥ ಕರು ತಾಯಿಯಿಂದ ಸಿದ್ಧವಾದ ಬಟ್ಟೆಯನ್ನು ಪಡೆಯುವುದಿಲ್ಲ. ನೂಲನ್ನು ಪಡೆದು ತಾನೇ ನೇಯ್ದುಕೊಳ್ಳಬೇಕು. ತಾಯಿಯ ಮೇವಿನಲ್ಲಿ ಅಯೋಡಿನ್ ಅಲ್ಪವಾದರೆ ಬೆಳೆದ ಹಸು ತನ್ನ ಸಂಚಯದಿಂದ ಹೇಗೋ ದಿನ ತಳ್ಳುತ್ತದೆ, ಹಾಲು ಕೊಡುತ್ತದೆ, ನೋಡಿದವರಿಗೆ ಆರೋಗ್ಯವಂತವಾಗಿಯೇ ತೋರುತ್ತದೆ. ಸಂಚಯವಿಲ್ಲದ ಕರು ಮಾತ್ರ ಕೊರತೆಯನ್ನು ಪೂರ್ಣವಾಗಿ ಅನುಭವಿಸುತ್ತದೆ. ‘ಹಸು ಗಟ್ಟಿಮುಟ್ಟಾಗಿದೆ, ಆದ್ದರಿಂದ ಮೇವಿನಲ್ಲಿ ದೋಷವಿಲ್ಲ’ ಎಂಬ ತರ್ಕ ಇಲ್ಲಿ ಸಲ್ಲದು. ತಾಯಿ ಮೌನವಾಗಿರುವಾಗ ಸಾಕ್ಷ್ಯ ನುಡಿಯುವುದು ಕರುವಿನ ಕೊರಳು.

ಇದನ್ನು ಲೋಕ ಅರಿತುದು ಮೊದಲು ಹಂದಿಗಳಿಂದ. 1917–18ರ ಸುಮಾರಿಗೆ ಅಮೆರಿಕದ ಮೊಂಟಾನಾ, ವಿಸ್ಕಾನ್ಸಿನ್ ಸಂಸ್ಥಾನಗಳಲ್ಲಿ ಕೂದಲಿಲ್ಲದ ಹಂದಿಮರಿಗಳು ಹುಟ್ಟಿ ಸಾಯುತ್ತಿದ್ದವು. ಮರಿಗಳ ಥೈರಾಯ್ಡ್ ಊದಿದ್ದುದನ್ನು ವಿಜ್ಞಾನಿಗಳು ಕಂಡರು. ಗಬ್ಬದ ಹಂದಿಗಳಿಗೆ ಅಯೋಡಿನ್ ಕೊಡತೊಡಗಿದ ಮೇಲೆ ರೋಮವುಳ್ಳ ಮರಿಗಳು ಹುಟ್ಟಿದವು.

ನಮ್ಮ ದೇಶದಲ್ಲಿ ಹಿಮಾಲಯದ ತಪ್ಪಲು ಗಳಗಂಡಕ್ಕೆ ಹೆಸರಾದ ಪ್ರದೇಶ. 1956ರಲ್ಲಿ ವಿ. ರಾಮಲಿಂಗಸ್ವಾಮಿಯವರೂ ಅವರ ಸಹೋದ್ಯೋಗಿಗಳೂ ಕಾಂಗ್ರಾ ಕಣಿವೆಯಲ್ಲಿ ಜನರಿಗೆ ಅಯೋಡಿನ್ ಬೆರಸಿದ ಉಪ್ಪನ್ನು ಕೊಡುವ ಪ್ರಯೋಗವನ್ನಾರಂಭಿಸಿ, ಗಳಗಂಡ ಗಣನೀಯವಾಗಿ ತಗ್ಗುವುದನ್ನು ಸ್ಥಾಪಿಸಿದರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಜಾರಿಗೆ ಬಂದಿತು. ನಮ್ಮ ನಾಡಿನ ಕೊಡಗು, ಚಿಕ್ಕಮಗಳೂರು ಮೊದಲಾದ ಘಟ್ಟದ ಜಿಲ್ಲೆಗಳಲ್ಲಿಯೂ ಮನುಷ್ಯರ ಗಳಗಂಡ ಸಮೀಕ್ಷೆಗಳಲ್ಲಿ ಕಂಡುಬಂದಿದೆ. ಕಾರಣ ಸ್ಪಷ್ಟ: ಕಡಿದಾದ ನೆಲದ ಮೇಲೆ ಬಿರುಮಳೆ ಸುರಿದು ಮಣ್ಣಿನ ಅಯೋಡಿನ್ ತೊಳೆದುಹೋಗುತ್ತದೆ. ಮಣ್ಣಿನಲ್ಲಿಲ್ಲದುದು ಹುಲ್ಲಿನಲ್ಲಿಲ್ಲ, ಹುಲ್ಲಿನಲ್ಲಿಲ್ಲದುದು ಹಸುವಿನಲ್ಲಿಲ್ಲ.

ಕಣ್ಣಿನಿಂದ, ಕೈಯಿಂದ ಮಾಡುವ ಪರೀಕ್ಷೆ

ಸಂಶಯಕ್ಕೆ ಎಡೆಮಾಡುವ ಸಂಗತಿಗಳು ಇವು: ಹಸುವಿನ ಗಬ್ಬ ಸಾಮಾನ್ಯವಾದ 280 ದಿನಗಳನ್ನು ಮೀರಿ ಎಳೆಯುವುದು, ಸತ್ತ ಕರು ಹುಟ್ಟುವುದು, ಈದ ಮೇಲೆ ಮಾಸು ಬೀಳದಿರುವುದು, ಹುಟ್ಟಿದ ಕರು ಬಲಹೀನವಾಗಿ ನಿಲ್ಲಲಾರದೆ, ಚೀಪಲಾರದೆ, ಮೈ ತಣ್ಣಗಾಗಿರುವುದು, ಕೂದಲು ವಿರಳವಾಗಿರುವುದು ಅಥವಾ ಇಲ್ಲದಿರುವುದು, ಚರ್ಮ ದಪ್ಪವಾಗಿ ಬಾತಂತೆ ಇರುವುದು, ಕೊರಳು ಉಬ್ಬಿರುವುದು. ಇವೆಲ್ಲವೂ ಒಂದೇ ಕರುವಿನಲ್ಲಿ ಇರಬೇಕೆಂಬ ನಿಯಮವಿಲ್ಲ.

ಕೊರಳನ್ನು ನೋಡಿದರೆ ಸಾಲದು, ಮುಟ್ಟಿ ನೋಡಬೇಕು. ಕರುವಿನ ತಲೆಯನ್ನು ಒಬ್ಬರು ತುಸು ಮೇಲೆತ್ತಿ ಹಿಡಿಯಬೇಕು. ಇನ್ನೊಬ್ಬರು ಹೆಬ್ಬೆರಳನ್ನು ಒಂದು ಮಗ್ಗುಲಲ್ಲಿಯೂ ಉಳಿದ ಬೆರಳುಗಳನ್ನು ಇನ್ನೊಂದು ಮಗ್ಗುಲಲ್ಲಿಯೂ ಇರಿಸಿ, ಧ್ವನಿಪೆಟ್ಟಿಗೆಯಿಂದ ಕೆಳಕ್ಕೆ ಶ್ವಾಸನಾಳದ ಗುಂಟ ಮೆಲ್ಲನೆ ಜಾರಿಸಬೇಕು. ಆರೋಗ್ಯವಂತ ಕರುವಿನಲ್ಲಿ ಗ್ರಂಥಿ ಕೈಗೆ ಸಿಕ್ಕುವುದೇ ಕಷ್ಟ. ಊದಿದ ಗ್ರಂಥಿಯಾದರೋ ಎರಡು ಕಡೆಯೂ ಗಂಟಾಗಿ ದೊರಕುತ್ತದೆ. ಅದಕ್ಕೆ ರಕ್ತಸಂಚಾರ ಬಹಳವಾದುದರಿಂದ ಕೆಲವೊಮ್ಮೆ ಬೆರಳ ತುದಿಗೆ ನಾಡಿಯ ಬಡಿತವೂ ಕೊರಳಿನ ರಕ್ತನಾಳದ ತೋಡಿನಲ್ಲಿ ಸಣ್ಣ ಕಂಪನವೂ ತಿಳಿಯುತ್ತವೆ. ಅತಿಯಾಗಿ ಊದಿದರೆ ಶ್ವಾಸನಾಳವನ್ನು ಒತ್ತಿ ಉಸಿರಾಟಕ್ಕೆ ತೊಡಕಾಗುತ್ತದೆ. ಹೊರಗೆ ಏನೂ ತಿಳಿಯದೆ, ಸತ್ತ ಮೇಲೆ ಕೊಯ್ದು ನೋಡಿದಾಗ ಮಾತ್ರ ಗ್ರಂಥಿ ದೊಡ್ಡದಾಗಿರುವುದು ತಿಳಿಯುವ ಸಂದರ್ಭಗಳೂ ಉಂಟು.

ಹೇತುವೂ ಹೇತ್ವಾಭಾಸವೂ

ತರ್ಕಶಾಸ್ತ್ರವನ್ನೋದುವಾಗ ಹೊಗೆಯಿಂದ ಬೆಂಕಿಯನ್ನು ಊಹಿಸುವ ಪಾಠ ಮೊದಲು ಬರುತ್ತದೆ. ಬೆಂಕಿಯಿಲ್ಲದೆಡೆಯಲ್ಲಿಯೂ ಕಾಣಿಸಿಕೊಳ್ಳುವ ಗುರುತನ್ನು ಹಿಡಿದು ಬೆಂಕಿಯನ್ನು ಸಾಧಿಸಲು ಹೊರಟರೆ ಅದು ಸವ್ಯಭಿಚಾರವೆಂಬ ದೋಷ. ಕೊಟ್ಟಿಗೆಯಲ್ಲಿ ಈ ದೋಷಕ್ಕೆ ಬೇಕಾದಷ್ಟು ಅವಕಾಶವಿದೆ.

ಕೊರಳ ಉಬ್ಬೆಲ್ಲ ಥೈರಾಯ್ಡ್ ಅಲ್ಲ. ಎಳೆಗರುವಿನ ಕೊರಳಿನಲ್ಲಿ ಥೈಮಸ್ ಎಂಬ ಇನ್ನೊಂದು ಗ್ರಂಥಿ ಸಹಜವಾಗಿಯೇ ದೊಡ್ಡದಾಗಿರುತ್ತದೆ, ಅದು ರೋಗವಲ್ಲ. ಕಷ್ಟಪ್ರಸವದಲ್ಲಿ ತಲೆ ಹೊರಬಂದು ಬಹಳ ಹೊತ್ತು ಸಿಕ್ಕಿಕೊಂಡ ಕರುವಿನ ತಲೆ, ನಾಲಗೆ, ಕೊರಳು ಬಾತಿರುತ್ತವೆ. ಆ ಬಾವು ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಕೀವುಗಟ್ಟಿದ ಬಾವು ಬಿಸಿಯಾಗಿ ನೋಯುತ್ತದೆ. ಸಾಮಾನ್ಯವಾಗಿ ಒಂದೇ ಮಗ್ಗುಲಲ್ಲಿರುತ್ತದೆ. ಕೂದಲಿಲ್ಲದಿರುವುದು ಕೆಲವು ವಂಶಗಳಲ್ಲಿ ಹುಟ್ಟಿನಿಂದ ಬರುವ ಬೇರೆಯೇ ದೋಷವಾಗಿರಬಹುದು; ಅಲ್ಲಿ ಥೈರಾಯ್ಡ್ ಸರಿಯಾಗಿಯೇ ಇರುತ್ತದೆ. ಬಲಹೀನತೆಗಂತೂ ಕಾರಣಗಳು ಹಲವು: ಹೆರಿಗೆಯಲ್ಲಿ ಉಸಿರು ಕಟ್ಟಿದುದು, ಗಿಣ್ಣುಹಾಲು ಹೊತ್ತಿಗೆ ದೊರೆಯದಿದ್ದುದು, ಸೆಲೆನಿಯಂ ಅಥವಾ ಈ-ಜೀವಸತ್ವದ ಅಭಾವ, ಗರ್ಭದಲ್ಲಿಯೇ ತಗುಲಿದ ಸೋಂಕು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ಹಸು ಕಂದು ಹಾಕಿದಾಗ ಅಥವಾ ಸತ್ತ ಕರುವನ್ನು ಈದಾಗ ಅದಕ್ಕೆ ಬ್ರೂಸೆಲ್ಲಾ ಎಂಬ ಸೋಂಕು ಕಾರಣವಾಗಿರಬಹುದು. ಅದು ಮನುಷ್ಯರಿಗೂ ತಗಲುವಂತಹುದು. ಆದುದರಿಂದ ಸತ್ತ ಕರುವನ್ನಾಗಲಿ ಮಾಸನ್ನಾಗಲಿ ಬರಿಗೈಯಿಂದ ಮುಟ್ಟಬಾರದು, ಕೈಗವಸು ಅವಶ್ಯ. ಕೊರಳ ಗಂಟನ್ನು ಕಂಡ ಮಾತ್ರಕ್ಕೆ ಸೋಂಕಿನ ಪರೀಕ್ಷೆಯನ್ನು ಬಿಡುವುದೂ ತಪ್ಪು. ಒಂದು ಕೊಟ್ಟಿಗೆಯಲ್ಲಿ ಎರಡು ಕಾರಣಗಳು ಕೂಡಿರಲಾರವೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ತಕ್ಕಡಿ ನುಡಿಯುವ ಸತ್ಯ

ಸತ್ತ ಕರುವಿನಲ್ಲಿ ಅತ್ಯಂತ ಸರಳವೂ ನಂಬುಗೆಗೆ ಅರ್ಹವೂ ಆದ ಪರೀಕ್ಷೆಯೆಂದರೆ ಗ್ರಂಥಿಯನ್ನು ತೂಗುವುದು. ಪಶುವೈದ್ಯರು ಗ್ರಂಥಿಯನ್ನು ಬಿಡಿಸಿ, ಅಂಟಿದ ಕೊಬ್ಬನ್ನೂ ಮಾಂಸವನ್ನೂ ತೆಗೆದು, ಹಸಿಯಾಗಿರುವಾಗಲೇ ತೂಗುತ್ತಾರೆ. ದಿನ ತುಂಬಿ ಹುಟ್ಟಿದ ಆರೋಗ್ಯವಂತ ಕರುವಿನಲ್ಲಿ ಅದರ ಸರಾಸರಿ ತೂಕ ಸುಮಾರು 6.5 ಗ್ರಾಂ. ಇದರ ಇಮ್ಮಡಿಗಿಂತ, ಎಂದರೆ 13 ಗ್ರಾಮಿಗಿಂತ ಹೆಚ್ಚಿದ್ದರೆ ಗಳಗಂಡವೆಂದು ಸಂಶಯಪಡಬೇಕು. ಕರುವಿನ ಮೈತೂಕವನ್ನೂ ಜೊತೆಗೇ ಗುರುತು ಮಾಡಿಕೊಳ್ಳುವುದು ಲೇಸು. ಚಿಕ್ಕ ಕರುವಿನ ಗ್ರಂಥಿಯನ್ನು ದೊಡ್ಡ ಕರುವಿನದರೊಡನೆ ಹೋಲಿಸುವುದು ನ್ಯಾಯವಲ್ಲ.

ತೂಗಿದ ಮೇಲೆ ಗ್ರಂಥಿಯನ್ನು ಎರಡು ಭಾಗ ಮಾಡುತ್ತಾರೆ. ಒಂದು ಭಾಗವನ್ನು ಫಾರ್ಮಲಿನ್ ದ್ರಾವಣದಲ್ಲಿರಿಸಿ ಸೂಕ್ಷ್ಮದರ್ಶಕ ಪರೀಕ್ಷೆಗೆ ಕಳುಹುತ್ತಾರೆ. ಸಹಜವಾದ ಗ್ರಂಥಿಯಲ್ಲಿ ಚಿಕ್ಕ ಚಿಕ್ಕ ಕೋಶಗಳ ಒಳಗೆ ಅಂಟಿನಂತಹ ದ್ರವ ತುಂಬಿರುತ್ತದೆ. ಕೊರತೆಯಿಂದ ಊದಿದ ಗ್ರಂಥಿಯಲ್ಲಿ ದ್ರವ ಬತ್ತಿಹೋಗಿ, ಗೋಡೆಯ ಜೀವಕಣಗಳು ಎತ್ತರವಾಗಿ ಬೆಳೆದು ಒಳಜಾಗವನ್ನು ಮುಚ್ಚಿರುತ್ತವೆ: ಮಗ್ಗ ಬಹಳ, ಬಟ್ಟೆ ಇಲ್ಲ. ಇನ್ನೊಂದು ಭಾಗವನ್ನು ಮಂಜುಗಟ್ಟಿಸಿ ಅಯೋಡಿನ್ ಅಳತೆಗೆ ಕಳುಹುತ್ತಾರೆ. ಒಣತೂಕದಲ್ಲಿ ಶೇಕಡಾ 0.1ಕ್ಕಿಂತ ಕಡಿಮೆಯಿದ್ದರೆ ಕೊರತೆಯೆಂದು ಎಣಿಸುವುದು ರೂಢಿ. ತೂಕ, ಒಳರಚನೆ, ಅಯೋಡಿನ್ ಪ್ರಮಾಣ, ಈ ಮೂರೂ ಒಂದೇ ಮಾತನ್ನು ನುಡಿದರೆ ಆಗ ನಿದಾನ ದೃಢವಾಯಿತೆನ್ನಬಹುದು.

ರಕ್ತಪರೀಕ್ಷೆಯಲ್ಲಿ ತಪ್ಪುವ ಹೆಜ್ಜೆ

ಬದುಕಿರುವ ಕರುವಿನ ರಕ್ತದಲ್ಲಿ ಥೈರಾಕ್ಸಿನ್ನನ್ನು ಅಳೆಯಬಹುದು. ಆದರೆ ಓದಿದವರೂ ಎಡವುವುದು ಇಲ್ಲಿಯೇ. ಹುಟ್ಟಿದ ಕರುವಿನ ರಕ್ತದಲ್ಲಿ ಥೈರಾಕ್ಸಿನ್ ಸಹಜವಾಗಿಯೇ ಬೆಳೆದ ಹಸುವಿಗಿಂತ ಬಹಳ ಹೆಚ್ಚು. ಬೆಚ್ಚನೆಯ ಗರ್ಭದಿಂದ ತಣ್ಣನೆಯ ಲೋಕಕ್ಕೆ ಬಿದ್ದ ಜೀವ ತನ್ನ ಬಿಸಿಯನ್ನು ತಾನೇ ಉತ್ಪಾದಿಸಿಕೊಳ್ಳಬೇಕಾದುದರಿಂದ ಪ್ರಕೃತಿ ಹೀಗೆ ಏರ್ಪಡಿಸಿದೆ. ಮುಂದಿನ ದಿನಗಳಲ್ಲಿ ಅದು ಬೇಗ ಬೇಗ ಇಳಿಯುತ್ತದೆ. ಬೆಳೆದ ಹಸುವಿನ ಮಾನದಂಡದಿಂದ ಒಂದು ದಿನದ ಕರುವನ್ನು ಅಳೆದರೆ, ಕೊರತೆಯುಳ್ಳ ಕರುವೂ ‘ಸರಿಯಾಗಿದೆ’ ಎಂದು ತೋರಬಹುದು. ಸಹಜವಾದ ಕರು ‘ಅತಿಯಾಗಿದೆ’ ಎಂದು ತೋರಬಹುದು. ಆದುದರಿಂದ ರಕ್ತ ತೆಗೆದಾಗ ಕರು ಹುಟ್ಟಿ ಎಷ್ಟು ಗಂಟೆಯಾಗಿತ್ತೆಂಬುದನ್ನು ಬರೆದಿಡಬೇಕು. ಅದೇ ವಯಸ್ಸಿನ ಆರೋಗ್ಯವಂತ ಕರುಗಳೊಡನೆ ಹೋಲಿಸಬೇಕು.

ಇನ್ನೊಂದು ತೊಡಕುಂಟು. ದಿನ ತುಂಬದೆ ಹುಟ್ಟಿದ ಕರು, ಉಸಿರುಕಟ್ಟಿ ಹುಟ್ಟಿದ ಕರು, ಬೇರೆ ರೋಗದಿಂದ ಬಳಲುವ ಕರು, ಇವುಗಳಲ್ಲಿಯೂ ಥೈರಾಯ್ಡ್ ಚೆನ್ನಾಗಿದ್ದೇ ರಕ್ತದ ಥೈರಾಕ್ಸಿನ್ ಇಳಿಯುತ್ತದೆ. ಆಗ ಇಳಿಕೆಯು ರೋಗದ ಫಲವೇ ಹೊರತು ಕಾರಣವಲ್ಲ. ಸೆಲೆನಿಯಂ ಕೊರತೆಯಲ್ಲಂತೂ ಥೈರಾಕ್ಸಿನ್ ಸಾಕಷ್ಟಿದ್ದರೂ ಅದನ್ನು ತೀಕ್ಷ್ಣರಸವಾಗಿ ಮಾರ್ಪಡಿಸುವ ಕೆಲಸ ಕುಂದುತ್ತದೆ. ಏಕೆಂದರೆ ಒಂದು ಪರಮಾಣುವನ್ನು ಕಳಚುವ ಕಿಣ್ವಕ್ಕೆ ಸೆಲೆನಿಯಂ ಬೇಕು. ಹೀಗೆ ಒಂದೇ ಸಂಖ್ಯೆಯನ್ನು ನಂಬಿ ತೀರ್ಪು ಕೊಡಲಾಗದು. ಹಿಂಡಿನ ಸ್ಥಿತಿಯನ್ನರಿಯಲು ಕರುವಿನ ಜೊತೆಗೆ ತಾಯಿಯ ರಕ್ತದ ಅಥವಾ ಹಾಲಿನ ಅಯೋಡಿನ್ನನ್ನೂ ಅಳೆಯುವುದುಂಟು. ಇವು ಈಚಿನ ದಿನಗಳ ಮೇವಿನ ಸ್ಥಿತಿಯನ್ನು ತಿಳಿಸುತ್ತವೆ. ಗಬ್ಬದ ನಡುಗಾಲದಲ್ಲಿ ಏನಾಗಿತ್ತೆಂಬುದನ್ನು ಹೇಳುವುದಿಲ್ಲ. ಅದೂ ಒಂದೇ ಹಸುವಿನಿಂದಲ್ಲ, ಹಿಂಡಿನ ಹಲವು ಹಸುಗಳಿಂದ ಮಾದರಿ ತೆಗೆಯಬೇಕು.

ಕಾರಣದ ಹುಡುಕಾಟ

ಗಳಗಂಡವೆಂದು ನಿಶ್ಚಯವಾದ ಮೇಲೂ ನಿದಾನ ಮುಗಿಯಲಿಲ್ಲ, ಏಕಾಯಿತೆಂಬುದು ಉಳಿಯಿತು. ಕಾರಣಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು, ಮಣ್ಣು ಮೇವುಗಳಲ್ಲಿ ಅಯೋಡಿನ್ನಿನ ಅಭಾವ. ಇದನ್ನು ಮೇಲೆಯೇ ಹೇಳಿದೆ.

ಎರಡನೆಯದು, ಮೇವಿನಲ್ಲಿ ಅಯೋಡಿನ್ನಿನ ಕಾರ್ಯಕ್ಕೆ ಅಡ್ಡಬರುವ ವಸ್ತುಗಳು. ಎಲೆಕೋಸು, ನವಿಲುಕೋಸು, ಸಾಸಿವೆ ಹಿಂಡಿ ಮೊದಲಾದ ಸಾಸಿವೆಯ ಕುಲದವು, ಅಗಸೆ ಹಿಂಡಿ, ಸೋಯಾ ಅವರೆ, ಎಳೆಯ ಜೋಳದ ಪೈರು, ಇವುಗಳಲ್ಲಿ ಅಂತಹ ವಸ್ತುಗಳಿವೆ. ಎಳೆಯ ಜೋಳವನ್ನು ಮೇಯ್ದ ದನ ಕೂಡಲೇ ವಿಷವೇರಿ ಸಾಯುವುದನ್ನು ನಮ್ಮ ರೈತರು ಬಲ್ಲರು. ಆ ವಿಷವೇ ಅಲ್ಪಪ್ರಮಾಣದಲ್ಲಿ ದೀರ್ಘಕಾಲ ಸೇರಿದರೆ ಥಯೊಸಯನೇಟ್ ಆಗಿ ಮಾರ್ಪಟ್ಟು ಥೈರಾಯ್ಡಿಗೆ ಅಯೋಡಿನ್ ಹೋಗದಂತೆ ತಡೆಯುವುದನ್ನು ಬಲ್ಲವರು ಕಡಿಮೆ. ನಮ್ಮ ನಾಡಿನಲ್ಲಿ ಮೇವಿಗಾಗಿ ಬೆಳೆಸುವ ಸುಬಾಬುಲ್ ಕೂಡ ಈ ಸಾಲಿಗೆ ಸೇರುತ್ತದೆ. ಅದರಲ್ಲಿರುವ ಮೈಮೋಸಿನ್ ಹಸುವಿನ ಹೊಟ್ಟೆಯಲ್ಲಿ ಬೇರೊಂದು ವಸ್ತುವಾಗಿ ಮಾರ್ಪಟ್ಟು ಥೈರಾಕ್ಸಿನ್ನಿನ ತಯಾರಿಕೆಯನ್ನೇ ಕೆಡಿಸುತ್ತದೆ. ಗಬ್ಬದ ಕಡಸುಗಳಿಗೆ ಸುಬಾಬುಲ್ ಒಂದನ್ನೇ ಮೇವಾಗಿ ಕೊಟ್ಟಾಗ ಊದಿದ ಥೈರಾಯ್ಡ್ ಉಳ್ಳ ಕರುಗಳು ಹುಟ್ಟಿದುದು ಆಸ್ಟ್ರೇಲಿಯದಲ್ಲಿ ದಾಖಲಾಗಿದೆ. ಹವಾಯಿ ದ್ವೀಪದ ಮೆಲುಕು ಹಾಕುವ ಪ್ರಾಣಿಗಳಿಗೆ ಮಾತ್ರ ಇದರಿಂದ ಕೇಡಾಗುತ್ತಿರಲಿಲ್ಲ. ಅವುಗಳ ಹೊಟ್ಟೆಯಲ್ಲಿ ಈ ವಿಷವನ್ನು ಜೀರ್ಣಿಸುವ ಸೂಕ್ಷ್ಮಾಣುಗಳಿರುವುದನ್ನು ಆಸ್ಟ್ರೇಲಿಯದ ರೇಮಂಡ್ ಜೋನ್ಸ್ ಗುರುತಿಸಿ, 1980ರ ದಶಕದ ಮೊದಲ ವರ್ಷಗಳಲ್ಲಿ ಅವನ್ನು ತನ್ನ ದೇಶದ ದನಗಳಿಗೆ ವರ್ಗಾಯಿಸಿದನು. ಸುಬಾಬುಲ್ ಒಳ್ಳೆಯ ಮೇವಲ್ಲವೆಂದು ಇದರ ತಾತ್ಪರ್ಯವಲ್ಲ. ಅದು ಒಟ್ಟು ಮೇವಿನ ಮೂರನೆಯ ಒಂದು ಪಾಲನ್ನು ಮೀರಬಾರದೆಂಬುದು ಪಶುಪೋಷಣೆ ಬಲ್ಲವರ ಸಾಮಾನ್ಯ ಸಲಹೆ.

ಮೂರನೆಯದು, ವಂಶಪಾರಂಪರ್ಯ. ದಕ್ಷಿಣ ಆಫ್ರಿಕದ ಆಫ್ರಿಕಾಂಡರ್ ತಳಿಯ ದನಗಳಲ್ಲಿ ಥೈರಾಕ್ಸಿನ್ನಿಗೆ ಆಧಾರವಾದ ಥೈರೊಗ್ಲಾಬ್ಯುಲಿನ್ ಎಂಬ ಸಸಾರಜನಕ ವಸ್ತುವೇ ಸರಿಯಾಗಿ ತಯಾರಾಗದ ದೋಷವನ್ನು ಗುರುತಿಸಿದ್ದಾರೆ. ಹೋರಿ ಹಸು ಎರಡರಲ್ಲಿಯೂ ಅಡಗಿದ ದೋಷ ಕೂಡಿದಾಗ ಮಾತ್ರ ಅದು ಕರುವಿನಲ್ಲಿ ಪ್ರಕಟವಾಗುತ್ತದೆ. ಮೇವು ಬದಲಾದರೂ ಒಂದೇ ಹೋರಿಯ ಕರುಗಳಲ್ಲಿ ಮರುಕಳಿಸುವುದಾದರೆ ಈ ದಿಕ್ಕಿನಲ್ಲಿ ಯೋಚಿಸಬೇಕು.

ನಾಲ್ಕನೆಯದು ಆಶ್ಚರ್ಯಕರ: ಅಯೋಡಿನ್ನಿನ ಅತಿರೇಕ. ಕಡಲ ಪಾಚಿಯನ್ನು ಮಿತಿಮೀರಿ ತಿಂದ ಕುದುರೆಗಳು ಗಳಗಂಡವುಳ್ಳ ಮರಿಗಳನ್ನು ಹಾಕಿದ ನಿದರ್ಶನಗಳಿವೆ. ಕೊರತೆಯಿಂದ ಬರುವ ರೋಗವೇ ಅತಿಯಿಂದಲೂ ಬರುತ್ತದೆ. ಗಂಟನ್ನು ಕಂಡೊಡನೆ ಅಯೋಡಿನ್ನನ್ನು ಸುರಿಯುವುದು ಚಿಕಿತ್ಸೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಉಪಶಯ

ಆಯುರ್ವೇದದ ನಿದಾನಪಂಚಕದಲ್ಲಿ ‘ಉಪಶಯ’ವೆಂಬುದೊಂದುಂಟು: ಕೊಟ್ಟುದರಿಂದ ಶಮನವಾಯಿತೇ ಎಂಬುದನ್ನು ನೋಡಿ ರೋಗವನ್ನು ನಿರ್ಣಯಿಸುವುದು. ಇಂದಿನ ಪಶುವೈದ್ಯರೂ ಇದನ್ನೇ ಬೇರೆ ಹೆಸರಿನಿಂದ ಮಾಡುತ್ತಾರೆ. ಹಿಂಡಿನ ಗಬ್ಬದ ಹಸುಗಳಲ್ಲಿ ಅರ್ಧಕ್ಕೆ ಅಯೋಡಿನ್ ಕೊಟ್ಟು, ಅರ್ಧವನ್ನು ಹಾಗೆಯೇ ಇರಿಸಿ, ಹುಟ್ಟುವ ಕರುಗಳನ್ನು ಹೋಲಿಸುತ್ತಾರೆ. ಕೊಟ್ಟವುಗಳ ಕರುಗಳು ಮಾತ್ರ ಚೆನ್ನಾಗಿದ್ದರೆ ಕಾರಣ ಕೊರತೆಯೆಂದು ಸಿದ್ಧವಾಗುತ್ತದೆ. ಕೋಸಿನ ಜಾತಿಯ ಕೆಲವು ವಸ್ತುಗಳೂ ಸುಬಾಬುಲ್ಲೂ ಕಾರಣವಾಗಿದ್ದರೆ ಅಯೋಡಿನ್ ಕೊಟ್ಟರೂ ಪೂರ್ಣಫಲ ದೊರೆಯುವುದಿಲ್ಲ. ಅಲ್ಲಿ ಮೇವನ್ನೇ ಬದಲಿಸಬೇಕು.

ಹಸುವಿಗೆ ಎಷ್ಟು ಅಯೋಡಿನ್ ಬೇಕು? ಒಣತೂಕದ ಒಂದು ಕಿಲೋ ಮೇವಿಗೆ ಸುಮಾರು ಅರ್ಧ ಮಿಲಿಗ್ರಾಂ ಎಂಬುದು ಸಾಮಾನ್ಯ ಲೆಕ್ಕ. ದಿನಕ್ಕೆ 8 ಕಿಲೋ ತಿನ್ನುವ ಹಸುವಿಗೆ 4 ಮಿಲಿಗ್ರಾಂ ಆಯಿತು. ಅಡ್ಡಿಪಡಿಸುವ ಮೇವಿದ್ದರೆ ಇದಕ್ಕೂ ಹೆಚ್ಚು ಬೇಕು. ‘ನಮ್ಮ ಮನೆಯಲ್ಲಿ ಅಯೋಡಿನ್ ಉಪ್ಪನ್ನೇ ಬಳಸುತ್ತೇವೆ, ದನಕ್ಕೂ ಅದನ್ನೇ ಹಾಕುತ್ತೇವೆ’ ಎನ್ನುವವರುಂಟು. ಕೊಳ್ಳುವವರ ಕೈಗೆ ಬರುವಾಗ ಆ ಉಪ್ಪಿನ ಒಂದು ಕಿಲೋವಿನಲ್ಲಿ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕೆಂಬುದು ಕಾನೂನು. ಹಸುವಿಗೆ ದಿನಕ್ಕೆ 30 ಗ್ರಾಂ ಉಪ್ಪು ಕೊಟ್ಟರೆ ದೊರೆಯುವುದು 0.45 ಮಿಲಿಗ್ರಾಂ, ಬೇಕಾದುದರ ಒಂಬತ್ತನೆಯ ಒಂದು ಪಾಲು! ಉಳಿದುದು ಮೇವಿನಿಂದ ಬರಬೇಕು. ಮಣ್ಣೇ ಬಡವಾದ ಕಡೆ ಅದೂ ಬಾರದು. ಕಲ್ಲುಪ್ಪನ್ನು ಹಾಕುವ ಕೊಟ್ಟಿಗೆಗಳಲ್ಲಂತೂ ಈ ಒಂದು ಪಾಲೂ ಇಲ್ಲ. ಆದುದರಿಂದ ಗಬ್ಬದ ಕಾಲದಲ್ಲಿ, ಅದರಲ್ಲಿಯೂ ಕೊನೆಯ ತಿಂಗಳುಗಳಲ್ಲಿ, ಅಯೋಡಿನ್ ಕೂಡಿದ ಖನಿಜ ಮಿಶ್ರಣವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ, ಕೊಡುವುದೇ ಸರಿಯಾದ ಮಾರ್ಗ. ಹುಟ್ಟಿದ ಕರುವಿಗೆ ಕೊಡುವ ಅಯೋಡಿನ್ನಿನ ಅಳತೆಯನ್ನಂತೂ ವೈದ್ಯರೇ ನಿರ್ಣಯಿಸಬೇಕು. ಅದು ಬರುವವರೆಗೆ ಮನೆಯವರು ಮಾಡಬೇಕಾದುದು ಕರುವನ್ನು ಒರಸಿ ಬೆಚ್ಚಗಿಟ್ಟು, ಗಿಣ್ಣುಹಾಲನ್ನು ಹೊತ್ತಿಗೆ ಸರಿಯಾಗಿ ಕುಡಿಸುವುದು.

ಕೊನೆಯ ಮಾತು

ಇಷ್ಟನ್ನು ತಿಳಿದ ಮೇಲೆ ನಮ್ಮ ಗೌರಿಯ ಕಡೆಗೆ ಮನಸ್ಸು ಮತ್ತೆ ಹೊರಳುತ್ತದೆ. ದಿನ ಮೀರಿದ ಗಬ್ಬ, ಕೂದಲಿಲ್ಲದ ಮೈ, ಎರಡು ಕಡೆಯ ಗಂಟು, ಬೇರೆ ಸೀಮೆಯ ಮಣ್ಣಿನಲ್ಲಿ ಹುಟ್ಟಿದ ದುಂಡನೆಯ ಕರು, ಇವೆಲ್ಲವೂ ಒಂದೇ ಕಡೆಗೆ ಬೆರಳು ಮಾಡುತ್ತವೆ. ಆದರೂ ತೂಗಿದವರಿಲ್ಲ, ನೋಡಿದವರಿಲ್ಲ. ಆದುದರಿಂದ ಅದು ಊಹೆಯಾಗಿಯೇ ಉಳಿಯಿತು. ಮೊದಲನೆಯ ಕರುವನ್ನು ಹೂಳುವ ಮೊದಲು ಒಂದು ಗಳಿಗೆ ತಡೆದು ಪಶುವೈದ್ಯರನ್ನು ಕರೆತಂದಿದ್ದರೆ ಎರಡನೆಯ ಕರು ಬದುಕುತ್ತಿದ್ದಿತೋ ಏನೋ. ಗೌರಿಯ ಮೇಲೆ ಹೊರಿಸಿದ ಅಪವಾದವಂತೂ ತಪ್ಪುತ್ತಿತ್ತು.

ವಿದ್ಯಾರ್ಥಿಗಳಿಗೆ ನನ್ನ ವಿಜ್ಞಾಪನೆ ಇಷ್ಟೆ. ನಿಮ್ಮ ಮನೆಯ ಕೊಟ್ಟಿಗೆಯಲ್ಲಿ ಬಲವಿಲ್ಲದ ಕರುವೊಂದು ಹುಟ್ಟಿದರೆ ಅದರ ಕೊರಳನ್ನು ಮುಟ್ಟಿ ನೋಡಿರಿ. ಸತ್ತುಹುಟ್ಟಿದರೆ ಬರಿಗೈಯಿಂದ ಮುಟ್ಟದೆ, ನೆರಳಿನಲ್ಲಿರಿಸಿ, ಅಂದೇ ಪಶುವೈದ್ಯರಿಗೆ ಸುದ್ದಿ ಮುಟ್ಟಿಸಿರಿ. ಗಬ್ಬವಾದ ದಿನ, ಈದ ದಿನ, ಹೋರಿ ಯಾವುದು, ಹಾಕಿದ ಮೇವು ಯಾವುದು ಎಂಬುದನ್ನು ಒಂದು ಹಳೆಯ ಪುಸ್ತಕದಲ್ಲಿ ಬರೆದಿಡಿರಿ. ಹಸುವಿಗೆ ಬಾಯಿಲ್ಲ, ತನ್ನ ತಪ್ಪಲ್ಲವೆಂದು ಅದು ಹೇಳಿಕೊಳ್ಳಲಾರದು. ಅದರ ಪರವಾಗಿ ನಿಮ್ಮ ಆ ಪುಸ್ತಕವೂ ವೈದ್ಯರ ತಕ್ಕಡಿಯೂ ಮಾತನಾಡಲಿ.